ಬಿಡುವಿದ್ದವರಿಗೆ ತರಬೇತಿ

ರಾಯಚೂರು ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ. ಫೆಬ್ರುವರಿಯಲ್ಲೇ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಹೊರಗಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿಂದು, ಚಹಾ ಕುಡಿದು ಮಾನ್ವಿಯ ಬಸ್ಸು ಹತ್ತಿದೆ. ಟಿಕೆಟ್ಟು ನಾಲ್ಕೂವರೆ ರೂಪಾಯಿ. ಕಿಟಕಿಗೆ ಗಾಜಿಲ್ಲದ್ದರಿಂದ ದಾರಿಯ ಧೂಳೆಲ್ಲ ಪುಕ್ಕಟೆ.

ನಮ್ಮ ವಿಶ್ವವಿದ್ಯಾಲಯಕ್ಕೆ ಗಣಿತ, ವಿಜ್ಞಾನ ಶಿಕ್ಷಕರ ತರಬೇತಿಗೆಂದು ಮೂರು ವರ್ಷಗಳ ಅನುದಾನ ಸಿಕ್ಕಿತ್ತು. ಹಣ ಮಂಜೂರಾಗಿ ಕೈಗೆ ಬರುವಷ್ಟರಲ್ಲಿ ಪ್ರತಿ ಸಲವೂ ಜನವರಿ ಕಳೆಯುತ್ತಿತ್ತು. ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸ್ಸು. ಹಾಗಾಗಿ ಮಕ್ಕಳ ಪರೀಕ್ಷೆ ತಲೆಯ ಮೇಲೆ ಬಂದಾಗಲೇ ನಾವು ಶಿಕ್ಷಕರನ್ನು ಮೂರು ವಾರಕ್ಕೆ ಕರೆಯುತ್ತಿದ್ದೆವು. ಗಣಿತ ಹೇಳುವುದು ನನ್ನ ಪಾಲಿನ ಕೆಲಸ. ಎರಡು ವರ್ಷವೂ ನನ್ನೆದುರು ಕುಳಿತವರಲ್ಲಿ ಎಷ್ಟೋ ಜನ ತ್ರಿಕೋನಮಿತಿಯ ಹೆಸರೆತ್ತಿದರೆ ಆಕಳಿಸುತ್ತಿದ್ದರು. ಯಾಕೆಂದು ಕಣ್ಣಾರೆ ನೋಡಿ, ಈ ಕೊನೆಯ ತಂಡಕ್ಕಾದರೂ ಸರಿಯಾದವರನ್ನು ಕರೆತರಬೇಕೆಂದು ಹೊರಟಿದ್ದೆ.

ಮಾನ್ವಿಯ ಶಾಲೆಯ ಬಯಲಿನಲ್ಲೇ ಉತ್ತರ ಸಿಕ್ಕಿತು. ಹೋದ ವರ್ಷ ನನ್ನಲ್ಲಿ ಗಣಿತದ ತರಬೇತಿ ಪಡೆದ ಮಾಸ್ತರರು ಬಾಯಲ್ಲಿ ಸೀಟಿ ಇಟ್ಟುಕೊಂಡು ಹುಡುಗರನ್ನು ಓಡಿಸುತ್ತಿದ್ದರು.

"ಬರ್ರಿ ಸರ, ಬರ್ರಿ! ನಾ ಇಲ್ಲಿ ಡ್ರಿಲ್ ಮಾಸ್ತರ ಅದೀನ್ರಿ," ಎಂದರು ಯಾವ ಸಂಕೋಚವೂ ಇಲ್ಲದೆ. "ಪರೀಕ್ಷಾ ಟೈಮಿನ್ಯಾಗ ಗಣಿತದವ್ರನ್ನ ಯಾರ್ ಬಿಡ್ತಾರ್ರಿ? ಖಾಲಿ ಇದ್ದವ ನಾನೇ. ಏನೇ ಅನ್ರಿ, ನಿಮ್ಮಲ್ಲಿ ಊಟ ಮಾತ್ರ ಛಲೋ ಇತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಮನುಷ್ಯನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಕಳಿಸಿದರು, ಬಂದ, ಉಂಡ, ಹೋದ. ನಮ್ಮ ಲೆಕ್ಕದಲ್ಲಿ ಮಾತ್ರ ಮಾನ್ವಿಗೆ ಒಬ್ಬ ಗಣಿತದ ಶಿಕ್ಷಕ ತಯಾರಾಗಿದ್ದ!

ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗ ಸೇರುವಾಗ ಸಂಜೆಯಾಗಿತ್ತು. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಸಿಕ್ಕಿತು. ಊಟ ರುಚಿಯಾಗಿತ್ತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಮರುದಿನ ಅಲ್ಲಿನ ಶಾಲೆಯಲ್ಲಿ ಮೆಹರುನ್ನಿಸಾ ಎಂಬ ಶಿಕ್ಷಕಿಯನ್ನು ಕಂಡೆ. ಹತ್ತನೆಯ ತರಗತಿಗೆ ಗಣಿತ ಹೇಳುವವರು ಅವರೇ. ಎರಡು ವರ್ಷವೂ ತರಬೇತಿಗೆ ಅರ್ಜಿ ಹಾಕಿದ್ದರು. ಎರಡು ಸಲವೂ ಅವರ ಬದಲು ಬೇರೆಯವರು ಬಂದಿದ್ದರು.

"ನಾ ಓದಿದ್ದು ಜೀವಶಾಸ್ತ್ರರಿ ಸರ. ಯಾರೂ ಇಲ್ಲಂತ ಗಣಿತಕ್ಕ ನಿಲ್ಲಿಸ್ಯಾರ," ಎಂದರು. "ಹೊಸ ಪಠ್ಯ ನನಗ ಅರ್ಧ ತಿಳಿಯಂಗಿಲ್ಲ. ಹುಡುಗ್ರು ಕೇಳಿದ್ರ 'ಅದು ಪರೀಕ್ಷಾಕ್ಕ ಬರಂಗಿಲ್ಲ' ಅಂತ ಸುಳ್ಳು ಹೇಳ್ತೀನಿ. ಹಿಂಗ ಹೇಳಿ ಹೇಳಿ ನನ್ನ ಮ್ಯಾಲೆ ನನಗ ಹೇಸಿಗಿ ಬಂದದ. ಈ ವರ್ಷ ಬಿಟ್ರ ನಿಮ್ಮ ತರಬೇತಿನೂ ಇಲ್ಲಂತಲ್ರಿ?"

ಹೌದು, ಅನುದಾನ ಅಲ್ಲಿಗೆ ಮುಗಿಯುತ್ತಿತ್ತು. ನೇರ ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ.

"ಆಕಿನ್ನ ಕಳಿಸ್ರಿ ಅಂದ್ರ ಹ್ಯಾಂಗ್ರಿ ಸರ?" ಎಂದರು ಅವರು. "ಮುಂದಿನ ತಿಂಗಳ ಪರೀಕ್ಷಾ ಅದ. ಆಕಿ ಹೋದ್ರ ಹತ್ತನೇತ್ತಾ ಯಾರ್ ನೋಡ್ತಾರ? ಕ್ರಾಫ್ಟ್ ಮಾಸ್ತರನ್ನ ಕರಕೊಂಡು ಹೋಗ್ರಿ, ಅಂವ ಖಾಲಿ ಅದಾನ."

ಬೈಯಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡೆ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮ ಯೋಜನೆಯಲ್ಲಿ ಬ್ಯಾನರಿಗೆ ಹಣವಿತ್ತು, ಉದ್ಘಾಟನೆಯ ಹಾರಕ್ಕೆ ಹಣವಿತ್ತು. ತರಬೇತಿಗೆ ಬಂದವರ ಜಾಗದಲ್ಲಿ ಪಾಠ ಹೇಳುವ ಬದಲಿ ಶಿಕ್ಷಕನಿಗೆ ಬಿಡಿಗಾಸೂ ಇರಲಿಲ್ಲ. ಅಷ್ಟು ದೊಡ್ಡವರೆಲ್ಲ ಕೂತು ಮಾಡಿದ ಯೋಜನೆಯಲ್ಲಿ ಇದೊಂದು ಯಾರಿಗೂ ಹೊಳೆಯಲಿಲ್ಲವೆಂದರೆ ನಾಚಿಕೆಗೇಡು.

"ನಾನು ಕಲಿಸುತ್ತೇನೆ. ಅವರನ್ನು ಕಳಿಸಿ," ಎಂದೆ.

"ನೀವ್ರಿ? ಯುನಿವರ್ಸಿಟಿಯವ್ರು?" ಎಂದು ಅವರು ನಕ್ಕರು. ನಾನು ನಗುತ್ತಿಲ್ಲವೆಂದು ಕಂಡ ಮೇಲೆ ನಗು ನಿಲ್ಲಿಸಿ ಚಹಾ ತರಿಸಿದರು. ತರಬೇತಿಯಲ್ಲಿ ಗಣಿತ ಹೇಳಲು ನನ್ನಂಥವರು ಇನ್ನೂ ನಾಲ್ವರಿದ್ದರು. ದೇವದುರ್ಗದ ಹತ್ತನೆಯ ತರಗತಿಗೆ ಮತ್ತೊಬ್ಬರಿರಲಿಲ್ಲ.

ಅಂಚೆ ಕಚೇರಿಯಿಂದ ನಮ್ಮ ವಿಭಾಗದ ಮುಖ್ಯಸ್ಥರಿಗೆ ಟ್ರಂಕ್ ಕಾಲ್ ಮಾಡಿದೆ. "ನಿಮಗೇನು ತಲೆ ಕೆಟ್ಟಿದೆಯೇನ್ರಿ? ಸೋಮವಾರ ಉದ್ಘಾಟನೆ. ವಂದನಾರ್ಪಣೆ ಯಾರು ಮಾಡಬೇಕು?" ಎಂದು ಕಿರುಚಿದರು. "ಬ್ಯಾನರಿನ ಕೈಲೇ ಮಾಡಿಸಿ," ಎಂದು ಫೋನಿಟ್ಟೆ. ನೌಕರಿಗೆ ಏನಾಗುತ್ತದೋ ಎಂಬ ಅಂಜಿಕೆ ಹೊರಗೆ ಬಂದ ಮೇಲೆ ಹತ್ತಿತು.

ಭಾನುವಾರ ಮೆಹರುನ್ನಿಸಾರ ಟ್ರಂಕು ಹೊತ್ತು ಅವರ ತಂದೆ ಬಸ್ ನಿಲ್ದಾಣಕ್ಕೆ ಬಂದರು. ಸಂತೆಯಲ್ಲಿ ಬಳೆ ಮಾರುವವರು. ನನ್ನನ್ನು ಬದಿಗೆ ಕರೆದರು. "ಸಾಹೇಬ್ರ, ಹುಡುಗ್ರು ಫೇಲಾದ್ರ ಅವ್ರ ಯವ್ವಂದಿರು ಸಂತ್ಯಾಗ ನನಗ ಬೈತಾರ. ಈ ಸಲ ಚಂದಂಗ ಕಲಿಸ್ರಿ." ಬೈಗುಳ ತಲುಪಬೇಕಾದವರನ್ನು ಬಿಟ್ಟು ಇವರೊಬ್ಬರಿಗೇ ತಲುಪುತ್ತಿತ್ತು.

ರಾಯಚೂರಿನ ಬಸ್ಸು ಬಂತು. ನಾನು ಹತ್ತಬೇಕಿದ್ದ ಬಸ್ಸು. ಮೆಹರುನ್ನಿಸಾ ಕಿಟಕಿಯ ಪಕ್ಕ ಕುಳಿತು, ಹೊರಡುವ ಮೊದಲೇ ಚೀಲದಿಂದ ಗಣಿತದ ಪುಸ್ತಕ ತೆಗೆದರು. ಬಸ್ಸು ಗಬ್ಬೂರಿನ ರಸ್ತೆಗೆ ಹೊರಳಿದಾಗಲೂ ತಲೆಯೆತ್ತಿ ನೋಡಲಿಲ್ಲ.

ಮರುದಿನ ತರಗತಿಯಲ್ಲಿ ನಾನು ಸೀಮೆಸುಣ್ಣ ಹಿಡಿಯುವ ಮೊದಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ಟೀಚರ್ ಪರೀಕ್ಷಾಕ್ಕ ಬರಂಗಿಲ್ಲ ಅಂದಿದ್ರಲ್ರಿ, ಆ ಪಾಠ... ಅದು ಬರ್ತದೇನ್ರಿ?"

"ಬರುತ್ತದೆ," ಎಂದು ಹಲಗೆಯತ್ತ ತಿರುಗಿದೆ. "ಅದರಿಂದಲೇ ಶುರುಮಾಡೋಣ."