ಕೆಂದ್ಯಾ ಎಳೆದ ಟ್ರ್ಯಾಕ್ಟರ್

ನಾನು ಚಿಕ್ಕವನಿದ್ದಾಗ ನೆಲೋಗಿಯ ನಮ್ಮ ಮನೆಗೆ ಪರದೇಶದ ಒಂದು ಹಳೆಯ ಟ್ರ್ಯಾಕ್ಟರ್ ಬಂತು. ಬಣ್ಣ ಮಾಸಿತ್ತು, ಡೀಸೆಲ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಪ್ಪ ಅದನ್ನು ತಂದದ್ದು ದೊಡ್ಡಸ್ತಿಕೆಗಲ್ಲ. ನಮ್ಮ ಎತ್ತು ಕೆಂದ್ಯಾನಿಗೆ ವಯಸ್ಸಾಗಿತ್ತು. ತೀರಿಹೋದ ನಮ್ಮವ್ವ ಕೈಯಾರೆ ಸಾಕಿದ ಕರು ಅದು. ಅವ್ವನ ನಂತರ ಅದಕ್ಕೆ ಅಕ್ಕನೇ ತಾಯಿ. "ಇನ್ನ ಕೆಂದ್ಯಾನ ಹೆಗಲಿಗಿ ನೊಗ ಇಡಂಗಿಲ್ಲ" ಎಂದು ಅಪ್ಪ ಅಕ್ಕನಿಗೆ ಮಾತು ಕೊಟ್ಟಿದ್ದ.

ಖಜೂರಿಯಿಂದ ಬಂದ ಡ್ರೈವರ್ ಅದನ್ನು ಓಡಿಸಿ ತೋರಿಸಿದ ದಿನ ಊರೇ ನೆರೆಯಿತು. ಬೇರೆ ಟ್ರ್ಯಾಕ್ಟರ್‌ಗಳಂತೆ ಅದು ಜಗ್ಗಿ ಕುಪ್ಪಳಿಸುತ್ತಿರಲಿಲ್ಲ, ಮೆತ್ತಗೆ ಜಾರಿಕೊಂಡು ಹೊರಡುತ್ತಿತ್ತು. ಅದು ಹೇಗೆ ಎಂದು ಅಕ್ಕ ಕೇಳಿದಳು. ಡ್ರೈವರ್ ಬಕೆಟ್ ನೀರಿನ ಮೇಲೆ ಬೇವಿನ ಎಲೆ ಬಿಟ್ಟು, ಒಳಗೆ ಕೈ ಹಾಕಿ ಗರಗರ ತಿರುಗಿಸಿದ. ಕೈ ತಾಗದೆಯೇ ಎಲೆ ಸುತ್ತತೊಡಗಿತು.

"ನೋಡವಾ, ಎಂಜಿನ್ನೂ ಗಾಲಿನೂ ಒಂದಕ್ಕೊಂದು ಮುಟ್ಟಂಗಿಲ್ಲ. ನಡುವ ಎಣ್ಣಿ ಅದ. ಎಂಜಿನ್ ಎಣ್ಣಿ ತಿರುಗಸ್ತದ, ಎಣ್ಣಿ ಗಾಲಿ ತಿರುಗಸ್ತದ. ಇದಕ್ಕ ಟಾರ್ಕ್ ಕನ್ವರ್ಟರ್ ಅಂತಾರ."

ಒಳಗಿನ ಇನ್ನೊಂದು ಪುಟ್ಟ ಚಕ್ರ ಎಣ್ಣೆಯ ಹರಿವನ್ನು ತಿದ್ದಿ ಕಳಿಸುತ್ತದಂತೆ. ಭಾರ ಬಿದ್ದಾಗ ಓಟ ತಗ್ಗಿ ಬಲ ಹೆಚ್ಚುತ್ತದಂತೆ. ನಾವು ಮಕ್ಕಳು ಸಂಜೆಯವರೆಗೂ ಬಕೆಟಿನಲ್ಲಿ ಎಲೆ ಆಡಿಸಿದೆವು. ಕೈ ನಿಧಾನ ಮಾಡಿದರೆ ಎಲೆ ಕದಲಿಯೂ ಕದಲದಂತೆ ನಿಲ್ಲುತ್ತಿತ್ತು.

ಎತ್ತುಗಳ ಹಬ್ಬ ಕಾರಹುಣ್ಣಿಮೆ ಮುಗಿದು ಒಳ್ಳೆಯ ಮಳೆ ಬಿತ್ತು. ತೊಗರಿ ಬಿತ್ತಲು ಹದ ಬಂದ ಬೆಳಿಗ್ಗೆಯೇ ಟ್ರ್ಯಾಕ್ಟರಿನ ಬ್ಯಾಟರಿ ಇಳಿದಿತ್ತು. ಡ್ರೈವರ್ ತನ್ನೂರಿಗೆ ಹೋಗಿದ್ದ. ಹದ ಯಾರಿಗೂ ಕಾಯುವುದಿಲ್ಲ ಮಕ್ಕಳೇ. ನಮ್ಮ ಕಡೆ ಟ್ರ್ಯಾಕ್ಟರ್ ನಿಂತರೆ ಗೇರಿಗೆ ಹಾಕಿ, ಮುಂದೆ ಎತ್ತು ಹೂಡಿ ಎಳೆಸುವುದು ರೂಢಿ. ಗಾಲಿ ತಿರುಗಿದರೆ ಎಂಜಿನ್ ಎದ್ದುಬಿಡುತ್ತಿತ್ತು.

"ಎತ್ತ ಹೂಡ್ರಿ, ಈಗ ಚಾಲೂ ಆಗ್ತದ" ಎಂದ ಪಕ್ಕದ ಹೊಲದವ. ಊರಿನ ಎತ್ತುಗಳೆಲ್ಲ ಬಿತ್ತಲು ಹೋಗಿದ್ದವು. ಉಳಿದದ್ದು ಕೆಂದ್ಯಾ ಮತ್ತು ಅದರ ಜೋಡಿ.

"ಅಪ್ಪಾ, ನಡುವ ಬರೇ ಎಣ್ಣಿ ಅದಲ್ಲ! ಎತ್ತಿನ ನಡಿಗಿಗೆ ಗಾಲಿ ಮೆಲ್ಲಕ ತಿರುಗಿದ್ರ ಎಂಜಿನ್ ಹ್ಯಾಂಗ ತಿರುಗತದ?" ಎಂದು ಅಕ್ಕ ಕೂಗಿದಳು.

"ಸುಮ್ಕಿರಬೇ, ಇದೊಂದ ಸಲ" ಎಂದ ಅಪ್ಪ.

ಕರಿಮಣ್ಣು ಅಂಟಂಟಾಗಿತ್ತು. ಕೆಂದ್ಯಾನ ಕೋಡಿಗೆ ಹಬ್ಬದ ಬಣ್ಣ ಇನ್ನೂ ಹಾಗೇ ಇತ್ತು. ಅದಕ್ಕೆ ಬಾರುಕೋಲು ಯಾವತ್ತೂ ಬೇಕಾಗಿರಲಿಲ್ಲ, ಅಂದೂ ಬೇಕಾಗಲಿಲ್ಲ. ಕತ್ತು ಚಾಚಿ ಎಳೆಯಿತು. ಗಾಲಿ ತಿರುಗಿತು, ಎಂಜಿನ್ ಮಾತ್ರ ಕೆಮ್ಮಲೂ ಇಲ್ಲ. ಮತ್ತೆ ಎಳೆಸಿದರು. ಹೊಲದ ತುದಿ ಮುಟ್ಟುವಷ್ಟರಲ್ಲಿ ಕೆಂದ್ಯಾ ಮುಂಗಾಲು ಮಡಚಿ ಕುಸಿಯಿತು. ಬಾಯಲ್ಲಿ ನೊರೆ ಬಂತು. ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಲು ನೋಡಿದಳು. ನೀರು ಪಕ್ಕಕ್ಕೆ ಸೋರಿತು. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು.

ನಮ್ಮ ಮನೆಯಲ್ಲಿ ಸತ್ತವರನ್ನು ಮಣ್ಣು ಮಾಡುತ್ತೇವೆ. ಕೆಂದ್ಯಾನಿಗೂ ಅಪ್ಪ ಹೊಲದಲ್ಲೇ ತಾನೇ ಕುಣಿ ತೋಡಿದ, ಹಣೆಗೆ ವಿಭೂತಿ ಹಚ್ಚಿದ. "ಮಾತ ಉಳಿಸ್ಲಿಲ್ಲ ನಾ" ಎಂದು ಮಗುವಿನಂತೆ ಅತ್ತ. ಅಪ್ಪ ಅತ್ತದ್ದನ್ನು ನಾನು ಆಗಲೇ ಮೊದಲು ಕಂಡದ್ದು, ಹೆದರಿಬಿಟ್ಟೆ. ಆಮೇಲೆ ಡ್ರೈವರ್ ಬಂದು ಬೇರೆ ಬ್ಯಾಟರಿ ಹಾಕಿದ. ಟ್ರ್ಯಾಕ್ಟರ್ ಮೊದಲಿನಂತೆಯೇ ಮೆತ್ತಗೆ ಹೊರಟಿತು. ಕುಣಿಯ ಜಾಗ ಬಿಟ್ಟು ಸುತ್ತಲೂ ತೊಗರಿ ಬಿತ್ತಿದೆವು. ಅಕ್ಕ ಆ ಟ್ರ್ಯಾಕ್ಟರನ್ನು ಒಮ್ಮೆಯೂ ಹತ್ತಲಿಲ್ಲ.

ಮೊನ್ನೆ ನಿಮ್ಮಮ್ಮನ ಗೇರಿಲ್ಲದ ಕಾರು ಅಂಗಳದಲ್ಲಿ ನಿಂತುಬಿಟ್ಟಾಗ ನೀವು ಕೇಕೆ ಹಾಕುತ್ತ ತಳ್ಳಲು ಇಳಿದಿರಿ. "ತಳ್ಳಬ್ಯಾಡ್ರಿ!" ಎಂದು ನಾನು ಗದರಿದೆ, ನೀವು ಮುಖ ಊದಿಸಿಕೊಂಡಿರಿ. ಅದರೊಳಗೂ ಅದೇ ಎಣ್ಣೆ ಇದೆ ಮಕ್ಕಳೇ. ನಿಮ್ಮಮ್ಮ ಫೋನ್ ಮಾಡಿದಳು, ಯಾರೋ ಬಂದು ಬ್ಯಾಟರಿಗೆ ತಂತಿ ಜೋಡಿಸಿದರು, ನೀವು ಐಸ್‌ಕ್ರೀಮ್ ತಿನ್ನಲು ಹೋದಿರಿ. ನಮ್ಮ ಕಾಲದಲ್ಲಿ ಏನೇ ನಿಂತರೂ ನಾವು ಕರೆಯುತ್ತಿದ್ದದ್ದು ಎತ್ತನ್ನು. ಅದು ಒಂದು ದಿನವೂ ಒಲ್ಲೆ ಎನ್ನಲಿಲ್ಲ.