ತೆಂಗಿನಮರದ ಪಾಯಿಂಟು

ಆಸ್ಟ್ರೇಲಿಯನ್ ಫುಟ್‌ಬಾಲಿನಲ್ಲಿ ಗೋಲಿಗೆ ಸಾಲಾಗಿ ನಾಲ್ಕು ಕಂಬ ಬೇಕು. ಹೊಣಕೆರೆ ಹತ್ತಿರ ನಾನು ತರಬೇತಿ ಕೊಟ್ಟ ನಮ್ಮ ಹುಡುಗಿಯರ ಮೊದಲ ಪಂದ್ಯದ ದಿನ ಒಂದು ಕಡೆಗೆ ಬಿದಿರು ಮೂರೇ ಇತ್ತು. ಬಯಲಿನ ಅಂಚಲ್ಲಿ ನೆಟ್ಟಗೆ ನಿಂತಿದ್ದ ತೆಂಗಿನಮರವನ್ನೇ ನಡುವಿನ ಎರಡು ಕಂಬಗಳಲ್ಲಿ ಒಂದು ಮಾಡಿಕೊಂಡೆ.

ಮರದ ಯಜಮಾನರು ಸೈಕಲ್ ನಿಲ್ಲಿಸಿದರು. "ಮೇಡಮ್ಮೋರೆ, ಆಡ್ಕಳಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ನಮ್ ಮರುಕ್ಕೆ ಚೆಂಡು ತಾಕುದ್ರೆ ಆಟ ನಿಲ್ಲುಸ್ಬುಡ್ತೀನಿ."

ಹೂಂ ಅಂದುಬಿಟ್ಟೆ. ಆ ಮೊಟ್ಟೆಯಾಕಾರದ ಚೆಂಡು ಯಾರ ಮಾತೂ ಕೇಳುವುದಿಲ್ಲ ಅಂತ ಮಾತ್ರ ಹೇಳಲಿಲ್ಲ.

ಕೊನೆಯ ನಿಮಿಷದಲ್ಲಿ ನಾವೂ ಪಾಂಡವಪುರದವರೂ ಸಮಸಮ. ನಮ್ಮ ರುಕ್ಸಾನಾ ಓಡಿಬಂದು ಒದ್ದಳು. ಚೆಂಡು ಸೀದಾ ಹೋಗಿ ಮರಕ್ಕೇ ಬಡಿಯಿತು.

"ಏಯ್, ನಿಲ್ಸಿ!" ಯಜಮಾನರು ಮೈದಾನಕ್ಕೇ ನುಗ್ಗಿದರು. ಅಷ್ಟರಲ್ಲಿ ಅಂಪೈರು ಒಂದು ಬೆರಳೆತ್ತಿದ, ಸೀಟಿ ಊದಿ ಆಟ ಮುಗಿಸಿದ. ನಮ್ಮ ಹುಡುಗಿಯರು ಕುಣಿಯತೊಡಗಿದರು.

"ಏನಾಯ್ತವ್ವ?" ಯಜಮಾನರಿಗೆ ಗಲಿಬಿಲಿ.

"ನಡುವಿನ ಕಂಬಕ್ಕೆ ಬಡಿದರೆ ಒಂದು ಪಾಯಿಂಟು, ಯಜಮಾನ್ರೆ. ನಿಮ್ಮ ಮರ ನಮ್ಮನ್ನ ಗೆಲ್ಲಿಸ್ತು."

ಅವರು ಮರವನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಆಳು ಹತ್ತಿಸಿ ಎಲ್ಲರಿಗೂ, ಸೋತವರಿಗೂ, ಎಳನೀರು ಕೆಡವಿಸಿದರು.

ಸೀಸನ್ನಿನ ಕೊನೆಯ ಪಂದ್ಯ ಕೆ.ಆರ್. ಪೇಟೆಯಲ್ಲಿ. ಕರೆಯದಿದ್ದರೂ ಯಜಮಾನರು ಬಂದಿದ್ದರು. ಅಲ್ಲಿನ ಬಣ್ಣ ಬಳಿದ ಕಬ್ಬಿಣದ ಕಂಬಗಳನ್ನು ಬೆರಳಲ್ಲಿ ಟಣ್ಣನೆ ತಟ್ಟಿ, ನನ್ನ ಕಡೆ ತಿರುಗಿದರು.

"ನೋಡಾಕೇನೋ ಚೆಂದಾಗವೆ ಬುಡಿ. ಗೆದ್ರೆ ಕುಡಿಯಾಕೆ ಏನ್ ಕೊಟ್ಟಾವು?"