ಹಬ್ಬವನ್ನು ಅಟ್ಟಕ್ಕೇರಿಸುವ ಸಣ್ಣವ್ವ

ದೀಪಾವಳಿ ಪಾಡ್ಯ ಮುಗಿದ ಮರುದಿನದ ನಸುಕು. ಗಂಗಾವತಿ ಪೇಟೆಯ ತುಂಬ ಬಾಡಿದ ಚೆಂಡುಹೂ, ಹರಿದ ಬಣ್ಣದ ಕಾಗದ. ಅಂದಪ್ಪನವರ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಸಣ್ಣವ್ವ ಆಗಲೇ ಕಾಲು ಚಾಚಿ ಕೂತಿದ್ದಾಳೆ. ಎಡಕ್ಕೆ ಒಣಗಿದ ಬಾಳೆಪಟ್ಟೆಯ ಹೊರೆ, ಬಲಕ್ಕೆ ಬೂದಿಯ ಬೋಗುಣಿ, ತೊಡೆಯ ಮೇಲೆ ನೀಲಿ ಗಾಜಿನ ಹಂಡಿ. ಸರಪಳಿಯಿಂದ ತೂಗುಬಿಟ್ಟು ಒಳಗೆ ದೀಪವಿಡುವ ಹಂಡಿ ಅದು. ತಳದಲ್ಲಿ ಬೆರಳಾಡಿಸಿ, ಬೆರಳನ್ನು ನೋಡಿ, ಮುಖ ಕಿವುಚುತ್ತಾಳೆ.

"ಮಲಿಕಸಾಬಣ್ಣ, ಎಣ್ಣಿ ಒರಿಸಿ ಕೊಡು ಅಂದ್ರ ಎಣ್ಣಿನ ಕೊಡಾಕತ್ತೀಯಲ್ಲೋ! ಇದರಾಗ ನಾಕು ಮೆಣಸಿನಕಾಯಿ ಕರೀಬಹುದು."

ಏಣಿಯ ಮೇಲಿದ್ದ ಅಂಗಡಿಯ ಆಳು ಮಲಿಕಸಾಬ ಅಲ್ಲಿಂದಲೇ ನಗುತ್ತಾನೆ. "ಕರಿ ಮತ್ತ ಸಣ್ಣಕ್ಕ, ನಾಷ್ಟಾ ಆಗ್ತೈತಿ."

"ಕೆಳಗ ಇಳಿ, ನಾಷ್ಟಾ ಕೊಡ್ತೀನಿ ನಿನಗ."

ಅಂಗಡಿ ಅಲಂಕರಿಸಲು ಹತ್ತು ಜನ ಬರುತ್ತಾರೆ. ಬಿಚ್ಚಿ ಎತ್ತಿಡುವ ದಿನ ಎಲ್ಲರಿಗೂ ಬೇರೆ ಕೆಲಸವಿರುತ್ತದೆ. ಆಗ ಆನೆಗೊಂದಿಯಿಂದ ಸಣ್ಣವ್ವ ಬರುತ್ತಾಳೆ. ತಲೆಯ ಮೇಲೆ ಹೊರೆ ಹೊತ್ತು ಏಳೆಂಟು ಮೈಲು ನಡೆದು ಹಿಂದಿನ ಸಂಜೆಯೇ ಬಂದು ರಾತ್ರಿ ಈ ಕಟ್ಟೆಯ ಮೇಲೆಯೇ ಮಲಗಿದ್ದಳು. ನಾಲ್ಕು ದಿನ, ಒಂಬತ್ತು ಅಂಗಡಿ, ಇಪ್ಪತ್ತೆರಡು ಪೆಟ್ಟಿಗೆ. ಕನ್ನಡಿ, ಜರಿಯ ಮೇಲ್ಕಟ್ಟು, ಬೇಗಡೆಯ ತೋರಣ, ಎಲ್ಲದಕ್ಕೂ ಅದರದರ ಮಡಿಕೆ. ಹಂಡಿಗೆ ಮಾತ್ರ ಮೂರು ಸುತ್ತು: ಒಳಗೆ ಮೆತ್ತನೆಯ ಪಟ್ಟೆ ತುರುಕಬೇಕು, ಹೊರಗೆ ಅಗಲ ಪಟ್ಟೆ ಸುತ್ತಬೇಕು, ಮೇಲೆ ನಾರು ಬಿಗಿಯಬೇಕು. ನಾರು ತೀರ ಬಿಗಿಯಾದರೆ ಗಾಜು ಬಿರಿಯುತ್ತದೆ, ಸಡಿಲಾದರೆ ಅಲುಗಾಡುತ್ತದೆ. ಆ ಹದ ಅವಳ ಬೆರಳಿಗೆ ಮಾತ್ರ ಗೊತ್ತು.

ಕಲಿತದ್ದು ಜಗಳವಾಡಿ. ಗಂಡ ಹೇಮಪ್ಪನ ಜೊತೆ ಬಾಳೆನಾರಿನ ಹಗ್ಗ ಮಾರಲು ಬಂದವಳು, ಇದೇ ಅಂಗಡಿಯಲ್ಲಿ ಹಂಡಿಗಳನ್ನು ಭತ್ತದ ಹುಲ್ಲಿನಲ್ಲಿ ಸುತ್ತುವುದನ್ನು ಕಂಡಳು. ಹುಲ್ಲಿನಲ್ಲಿ ಕಾಳು ಉಳಿದಿದ್ದವು. "ಇದು ಗಾಜು ಇಡೋ ರೀತಿ ಅಲ್ರಿ, ಇಲಿಗೆ ಎಡಿ ಇಡೋ ರೀತಿ ಐತಿ" ಎಂದಳು. ಹಾಗಾದರೆ ನೀನೇ ಕಟ್ಟು ಎಂದರು. ಕಟ್ಟಿದಳು. ಹೇಮಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಈ ನಾಲ್ಕು ದಿನದ ದುಡಿಮೆಯೇ ಅವಳಿಗೆ ಚಳಿಗಾಲದ ಜೋಳ.

ಆ ಜೋಳಕ್ಕೆ ಈ ವರ್ಷ ಕುತ್ತು ಬಂದಿದೆ. ಹಬ್ಬಕ್ಕೆಂದು ಪೆಟ್ಟಿಗೆ ತೆರೆದಾಗ ಹತ್ತು ಹಂಡಿಗಳಲ್ಲಿ ಮೂರು ಚೂರಾಗಿದ್ದವು. ಮಹಾಯುದ್ಧ ಶುರುವಾಗಿ ವಿಲಾಯತಿ ಸರಕು ನಿಂತಾಗಿನಿಂದ ಮುಂಬಯಿಯಲ್ಲೂ ಅಂಥ ಗಾಜು ಸಿಗುತ್ತಿಲ್ಲ. ಅಂದಪ್ಪನವರು ನೇರವಾಗಿ ಹೇಳಿಬಿಟ್ಟಿದ್ದಾರೆ: "ಸಣ್ಣವ್ವ, ಮುಂದಿನ ವರ್ಷ ಇನ್ನೊಂದು ಒಡದಿತ್ತಂದ್ರ ಕೊಪ್ಪಳದಿಂದ ಬ್ಯಾರೆಯವರನ್ನ ಕರಸ್ತೀನಿ." ಈ ಅಂಗಡಿ ಬಿಟ್ಟರೆ ಉಳಿದ ಎಂಟೂ ಬಿಡುತ್ತವೆ.

ಸಣ್ಣವ್ವ ಹಂಡಿಗಳ ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ ಬಡಿಯುತ್ತಾಳೆ. ಇಲಿಯ ಹಿಕ್ಕೆ, ಚಿಂದಿಯಾದ ಬಾಳೆಪಟ್ಟೆ, ಕೊನೆಗೆ ಹಲ್ಲಿನ ಗುರುತಿರುವ ಒಂದು ಕೊಬ್ಬರಿ ಬಟ್ಟಲು. ಅದನ್ನು ಅಂಗೈಯಲ್ಲಿಟ್ಟು ತಿರುವುತ್ತಾಳೆ. "ಇದನ್ನ ನಾ ಇಟ್ಟಿಲ್ಲ."

ಇಟ್ಟವರು ಮಧ್ಯಾಹ್ನ ತಾವಾಗಿಯೇ ಬರುತ್ತಾರೆ. ಅಂದಪ್ಪನವರ ತಾಯಿ ಪಾರ್ವತೆಮ್ಮ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಷಿಣದ ಕೊಂಬು. ಏಳು ಹಂಡಿಗಳೂ ಮಲಗಿರುವ ಪೆಟ್ಟಿಗೆಯ ಕಡೆ ನಡೆಯುತ್ತಾರೆ.

"ಅಮ್ಮಾರ, ನಿಂದ್ರರಿ! ಹೋದ ವರ್ಷನೂ ನೀವ ಹಾಕಿದ್ರೇನ್ರಿ?"

"ಹೂಂ. ನೀ ನೀರು ಕುಡ್ಯಾಕ ಹೋದಾಗ. ಲಕ್ಷ್ಮೀ ಸಾಮಾನ ಅದಾವ ಇವು. ಮನಿ ಮಗಳನ್ನ ಉಡಿ ತುಂಬದ ಕಳಸ್ತಾರೇನ?"

"ಮಗಳು ಅಟ್ಟಕ್ಕ ಹೊಂಟಾಳ್ರಿ, ಗಂಡನ ಮನಿಗಲ್ಲ! ಆ ಉಡಿ ತಿನ್ನಾಕ ಇಲಿ ಬಂದು ನನ್ನ ಪಟ್ಟಿ ಎಲ್ಲಾ ಕಡದು, ಗಾಜಿಗೆ ಗಾಜು ಬಡದು ಒಡದಾವ. ಬೈಸಿಕೊಂಡಾಕಿ ಯಾರು? ನಾನು!"

"ಏನರ ಅನ್ನು. ಬರೇ ಪೆಟ್ಟಿಗಿ ನಾ ಮುಚ್ಚಗೊಡಾಂಗಿಲ್ಲ."

ಮಲಿಕಸಾಬ ಏಣಿ ಹಿಡಿದು ಇಬ್ಬರನ್ನೂ ನೋಡುತ್ತಾನೆ. ಸಣ್ಣವ್ವ ಹಣೆ ಚಚ್ಚಿಕೊಳ್ಳುತ್ತಾಳೆ. ಹದಿನೇಳು ವರ್ಷ ಗಾಜಿನ ಹಟ ನೋಡಿದ್ದಾಳೆ. ಇದು ಅದಕ್ಕಿಂತ ಗಟ್ಟಿ. ಕೊನೆಗೆ ಎದ್ದು ಪೆಟ್ಟಿಗೆಗೆ ಅಡ್ಡ ನಿಂತು ತನ್ನ ಸೆರಗನ್ನೇ ಒಡ್ಡುತ್ತಾಳೆ.

"ಹಾಕ್ರಿ ಇದಕ್ಕ. ಪೆಟ್ಟಿಗಿ ಬದಲಿ ನಾ ಹಿಡೀತೀನಿ."

ಪಾರ್ವತೆಮ್ಮನವರ ಕೈ ತಟ್ಟೆಯಲ್ಲೇ ನಿಲ್ಲುತ್ತದೆ. ಗಂಡನಿಲ್ಲದವಳಿಗೆ ಉಡಿ ತುಂಬುವ ಪದ್ಧತಿ ಅವರ ಮನೆಯಲ್ಲಿಲ್ಲ. ಅದು ಸಣ್ಣವ್ವನಿಗೂ ಗೊತ್ತು.

"ನನಗ ತುಂಬ್ರಿ ಅನ್ನಾಕತ್ತಿಲ್ರಿ ನಾ. ಲಕ್ಷ್ಮಿಗೆ ತುಂಬ್ರಿ. ಸೆರಗಷ್ಟ ನಂದು. ಜಲ್ದಿ ಮಾಡ್ರಿ, ಇನ್ನೂ ಎಂಟು ಅಂಗಡಿ ಅದಾವ."

ಮುದುಕಿ ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ಹಲ್ಲಿನ ಗುರುತಿನ ಕೊಬ್ಬರಿಯನ್ನು ನೋಡುತ್ತಾರೆ. ಆಮೇಲೆ ಒಂದು ಹಿಡಿ ಅಕ್ಕಿ ಹಾಕುತ್ತಾರೆ. ಇನ್ನೊಂದು. ಐದು ಹಿಡಿಯೂ ಆದ ಮೇಲೆ ಕೊಬ್ಬರಿ, ಬೆಲ್ಲ. ಕೊನೆಯಲ್ಲಿ ಅರಿಷಿಣದ ಕೊಂಬು; ಸ್ವಲ್ಪ ತಡೆದು ಅದನ್ನೂ ಹಾಕುತ್ತಾರೆ.

ಸಣ್ಣವ್ವ ಸೆರಗನ್ನು ಗಂಟುಹಾಕಿ ಸೊಂಟಕ್ಕೆ ಸಿಕ್ಕಿಸುತ್ತಾಳೆ. ಗಂಟನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡುತ್ತಾಳೆ. ಪೆಟ್ಟಿಗೆಗೆ ಬೇವಿನ ಎಲೆ ಉದುರಿಸಿ ಮುಚ್ಚುತ್ತಾಳೆ. ಮಲಿಕಸಾಬ ಅದನ್ನು ಹೆಗಲ ಮೇಲಿಟ್ಟು ಏಣಿ ಹತ್ತುತ್ತಾನೆ.

"ಸಾವಕಾಶ ಮಾರಾಯ, ಜೋಳದ ಚೀಲ ಅಲ್ಲದು!" ಎಂದು ಕೆಳಗಿನಿಂದ ಕೂಗುತ್ತಾಳೆ. ಆಮೇಲೆ ಬಾಗಿಲಲ್ಲಿ ನಿಂತ ಅಂದಪ್ಪನವರ ಕಡೆ ತಿರುಗುತ್ತಾಳೆ.

"ಬರೋ ದೀವಳಿಗಿಗೆ ತಗದು ಎಣಿಸ್ರಿ ಸಾವುಕಾರ್ರ. ಏಳರಾಗ ಒಂದು ಕಡಿಮಿ ಆದ್ರ ಕೊಪ್ಪಳದವರನ್ನ ಕರಸ್ರಿ, ನಾ ಈ ಕಡೆ ಹಾಯಾಂಗಿಲ್ಲ. ಇಲಿ ಪಾಲಿನ ಅಕ್ಕಿ ಈ ಸಲ ನನ್ನ ಒಲಿ ಮ್ಯಾಲ ಬೇಯ್ತೈತಿ."